ಎಂಟನೇ ಗೆರೆ

ಡೊಂಬಿವಲಿಯ ಆ ಮನೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸೊಂಟನೋವು. ಹದಿನಾಲ್ಕು ವರ್ಷದ ಹುಡುಗಿಗೆ ಎಲ್ಲಿಯ ಸೊಂಟನೋವು ಅಂತ ಮೊಮ್ಮಗಳು ನಗುತ್ತಾಳೆ. ನಗಲಿ ಬಿಡಿ, ಆಕೆಗೆ ನಲ್ಲಿ ತಿರುವಿದರೆ ನೀರು ಬರುತ್ತದೆ. ನಮಗಿದ್ದದ್ದು ಅಂಗಳದಲ್ಲಿ ನೆಲದೊಳಗೆ ಹೂತ ಒಂದು ಟಾಕಿ. ಮಧ್ಯಾಹ್ನ ಮುನಿಸಿಪಾಲಿಟಿಯ ನೀರು ಬಂದು ಅದನ್ನು ತುಂಬಿ ಹೋಗುತ್ತಿತ್ತು. ಮೇಲೆತ್ತುವ ಪಂಪು ನಾವು ಅಲ್ಲಿಗೆ ಬರುವ ಮೊದಲೇ ಸುಟ್ಟುಹೋಗಿತ್ತು. ಮಾಲಕ ‘ಮುಂದಿನ ತಿಂಗಳು, ಮುಂದಿನ ತಿಂಗಳು’ ಅನ್ನುತ್ತಲೇ ವರ್ಷಗಳನ್ನು ಕಳೆದ. ಹಾಗಾಗಿ ದಿನಾ ಮೂರೂವರೆ ಆದಮೇಲೆ ಟಾಕಿಯ ಬಾಯಿಗೆ ಬಗ್ಗಿ, ಹಗ್ಗ ಕಟ್ಟಿದ ಬಕೆಟ್ಟು ಇಳಿಬಿಟ್ಟು ಎಳೆಯುವುದು. ಇಪ್ಪತ್ತೈದು ಬಕೆಟ್ಟು. ಅವ್ವ ಎಳೆದದ್ದನ್ನು ನಾನು ಹೊರುವುದು, ಆಕೆಗೆ ಸಾಕಾದಾಗ ನಾನು ಎಳೆಯುವುದು. ಈಗ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದರೆ ನನ್ನ ವಯಸ್ಸಿನವರು ಕೂತು, ಆ ಕಾಲದ ಬಿಲ್ಡಿಂಗುಗಳಲ್ಲಿ ಎಷ್ಟು ಪ್ರೀತಿ ಇತ್ತು, ಒಂದೇ ಮನೆಯವರ ಹಾಗೆ ಇದ್ದೆವು ಅಂತ ಶುರು ಮಾಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ತಲೆ ಆಡಿಸುತ್ತೇನೆ. ವಾದ ಮಾಡುವ ಶಕ್ತಿ ಎಲ್ಲಿಂದ ತರಲಿ?

ಬಿಲ್ಡಿಂಗು ಅಂದರೆ ದೊಡ್ಡದೇನಲ್ಲ. ಕೆಳಗೆ ನಾಲ್ಕು ಮನೆ, ಮೇಲೆ ನಾಲ್ಕು, ಮುಂದೆ ಉದ್ದಕ್ಕೆ ಗ್ಯಾಲರಿ. ನಮ್ಮದು ಕೆಳಗಿನ ಎರಡನೇ ನಂಬರು. ಹೊರಗಿನ ಕೋಣೆಯಲ್ಲಿ ಅಪ್ಪನ ಕಬ್ಬಿಣದ ಮಂಚ, ನನ್ನ ಪುಸ್ತಕದ ಟ್ರಂಕು. ಒಳಗಿನದು ಅಡುಗೆಮನೆ. ಅದರ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಸ್ನಾನ, ಎಲ್ಲ ಅಲ್ಲೇ. ಅವ್ವ ಸಂಜೆ ಜೋಳದ ರೊಟ್ಟಿ ಬಡಿಯಲು ಕೂತಾಗ ನಾನು ಮೋರಿಯಲ್ಲಿ ಪಾತ್ರೆ ತಿಕ್ಕಬೇಕು. ರೊಟ್ಟಿಯ ಸಪ್ಪಳ ನಿಂತಿತೆಂದರೆ ಆಕೆ ನನ್ನ ಕೈ ನೋಡುತ್ತಿದ್ದಾಳೆ ಅಂತ ಅರ್ಥ. ಪಾತ್ರೆ ತೊಳೆದ ಎರಡನೇ ನೀರನ್ನು ಇನ್ನೊಂದು ಬಕೆಟ್ಟಿಗೆ ಹಿಡಿದಿಟ್ಟು ಸಂಡಾಸಕ್ಕೆ ಒಯ್ಯಬೇಕು. ತಪ್ಪಿ ಚೆಲ್ಲಿದರೆ ಮುಗೀತು, ‘ನೀರು ನಿಮ್ಮಪ್ಪನ ಮನೀದೇನು?’ ಅಂತ ಬೈಗುಳ. ಅದು ನಮ್ಮಪ್ಪನ ಮನೆಯೇ ಆಗಿತ್ತು, ಆದರೆ ಹಾಗೆ ಹೇಳಲು ಧೈರ್ಯ ಬೇಕಲ್ಲ.

ಅಪ್ಪ ಊರಾಚೆಯ ಕೆಮಿಕಲ್ ಫ್ಯಾಕ್ಟರಿಯಲ್ಲಿ ಡಿಪ್ ತೆಗೆಯುವ ಕೆಲಸ ಮಾಡುತ್ತಿದ್ದ. ದೊಡ್ಡ ದೊಡ್ಡ ಟಾಕಿಗಳ ಮೇಲೆ ಹತ್ತಿ, ಒಳಗೆ ಅಳತೆಯ ಕೋಲು ಇಳಿಸಿ, ಎಷ್ಟು ಇಂಚು ಒದ್ದೆಯಾಗಿದೆ ಅಂತ ನೋಡಿ ಪುಸ್ತಕದಲ್ಲಿ ಬರೆಯುವುದು. ಅಷ್ಟೇ. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಅಂಗಿಗೆ ಕೊಳೆತ ಹಣ್ಣಿನ ವಾಸನೆ ಇರುತ್ತಿತ್ತು. ಅಲ್ಲಿ ಅವನನ್ನು ಎಲ್ಲರೂ ‘ಏ ಪಾಟೀಲ’ ಅಂತ ಕರೆಯುತ್ತಿದ್ದರಂತೆ. ಬಿಲ್ಡಿಂಗಿನಲ್ಲಿ ಮಾತ್ರ ‘ಪಾಟೀಲ ಸಾಹೇಬ್’. ಆ ಸಾಹೇಬಗಿರಿ ಬಂದದ್ದು ನೀರಿನಿಂದ. ಮೊದಲು ಬಕೆಟ್ಟು ಎಣಿಸಿ ನೀರು ಹಂಚುತ್ತಿದ್ದರು. ಒಬ್ಬರ ಬಕೆಟ್ಟು ದೊಡ್ಡದು, ಒಬ್ಬರದು ಚಪ್ಪಟೆಯಾದದ್ದು, ಒಬ್ಬರು ಅಂಚಿನವರೆಗೆ ತುಂಬುತ್ತಾರೆ ಅಂತ ದಿನಾ ಜಗಳ. ಅಪ್ಪ ಒಂದು ಭಾನುವಾರ ಸಾಗವಾನಿ ಪಟ್ಟಿಯೊಂದನ್ನು ತಂದು ಬಣ್ಣ ಬಳಿದು ನಾಲ್ಕು ನಾಲ್ಕು ಇಂಚಿಗೆ ಒಂದೊಂದು ಕೆಂಪು ಗೆರೆ ಎಳೆದ. ಆಗ ಎಂಟನೇ ಮನೆ ಖಾಲಿ ಇತ್ತು. ಏಳು ಮನೆಗೆ ಏಳು ಪಾಲು. ನೀರು ಒಂದು ಗೆರೆ ಇಳಿಯುವವರೆಗೆ ಒಂದು ಮನೆಯವರು ಸೇದಬೇಕು, ಆಮೇಲೆ ಮುಂದಿನ ನಂಬರು. ಕೊನೆಯ ಏಳನೇ ನಂಬರಿಗೆ ಉಳಿದದ್ದೆಲ್ಲ. ಎಲ್ಲರಿಗೂ ಹತ್ತಿರ ಹತ್ತಿರ ಇಪ್ಪತ್ತೈದು ಬಕೆಟ್ಟು ಬರುತ್ತಿತ್ತು. ಜಗಳ ನಿಂತಿತು. ಹಬ್ಬಕ್ಕೆ ಅಪ್ಪನಿಗೆ ತೆಂಗಿನಕಾಯಿ ಕೊಟ್ಟು ಶಾಲು ಹೊದಿಸಿದರು. ಆ ಶಾಲನ್ನು ಅವನು ಮೇ ತಿಂಗಳ ಸೆಖೆಯಲ್ಲೂ ಮಂಚದ ಮೇಲೆ ಕಾಣುವಂತೆ ಮಡಿಸಿಡುತ್ತಿದ್ದ.

ಎಂಟನೇ ನಂಬರಿಗೆ ಉಡುಪಿ ಕಡೆಯ ಗಿರಿಜಕ್ಕನ ಸಂಸಾರ ಬಂತು. ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಸಪ್ಲಾಯರು, ಬೆಳಗಾಗುವ ಮುಂಚೆ ಹೋದರೆ ಮನೆಯವರು ಮಲಗಿದ ಮೇಲೇ ಬರುವುದು. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅತ್ತೆ. ಮಕ್ಕಳಿಲ್ಲ. ಗಿರಿಜಕ್ಕನಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಅತ್ತೆಯ ಜೊತೆ ತುಳು, ನಮ್ಮ ಜೊತೆ ಅವರ ಕಡೆಯ ಕನ್ನಡ. ಇಡೀ ಬಿಲ್ಡಿಂಗಿನಲ್ಲಿ ಕನ್ನಡದವರೆಂದರೆ ನಾವು ಎರಡೇ ಮನೆ. ಅವ್ವನಿಗೆ ಅವರ ಮಾತು ಕೇಳಿ ನಗು, ಅವರಿಗೆ ನಮ್ಮ ಮಾತು ಕೇಳಿ ನಗು, ಹಾಗೇ ಸ್ನೇಹವಾಯಿತು. ಅವರಿಗೂ ನೀರು ಕೊಡಬೇಕಲ್ಲ ಅನ್ನುವ ಪ್ರಶ್ನೆ ಬಂದಾಗ ಎಲ್ಲರ ಮುಖ ಸಣ್ಣದಾಯಿತು. ಅಪ್ಪ ಕೋಲು ಇಳಿಸಿ ತೆಗೆದ. ಏಳನೇ ಗೆರೆಯ ಕೆಳಗೆ ಇನ್ನೂ ನಾಲ್ಕು ಇಂಚು ಒದ್ದೆ.

“ಇಲ್ಲೇ ಅದಲ್ರಿ ಇವರ ಪಾಲು!” ಅಂತ ಅಪ್ಪ ಮೊದಲು ಮರಾಠಿಯಲ್ಲಿ ಕೂಗಿ, ಆಮೇಲೆ ಗಿರಿಜಕ್ಕನಿಗೆ ಕನ್ನಡದಲ್ಲಿ ಹೇಳಿದ, “ನಾಕು ಇಂಚು ಎಲ್ಲಾರಿಗೂ, ನಾಕು ಇಂಚು ನಿನಗೂ. ಯಾರದೂ ಕಸಗೊಳ್ಳೂದು ಬ್ಯಾಡ. ಉಳಿದಿದ್ದೆಲ್ಲಾ ನಿಂದ ತಂಗಿ.”

ಯಾರಿಗೂ ಏನೂ ಕಡಿಮೆಯಾಗದೆ ಹೊಸಬರಿಗೆ ಪಾಲು ಸಿಕ್ಕಿತು. ಎಂಥ ಸಂತೋಷ ಎಲ್ಲರಿಗೂ! ಅವತ್ತೇ ಎಂಟನೇ ಗೆರೆ ಎಳೆದದ್ದಾಯಿತು. ಏಳನೇ ನಂಬರಿನ ಸಾಠೆ ಕಾಕು (ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ) ಮಾತ್ರ, ಇಷ್ಟು ದಿನ ತಳದ ನೀರು ತನಗೆ ಸಿಗುತ್ತಿತ್ತು ಅಂತ ಗೊಣಗಿದಳು. ಅದು ಯಾವತ್ತೂ ನಿಮ್ಮ ಪಾಲಾಗಿರಲಿಲ್ಲ ಅಂತ ಅಪ್ಪ ಆಕೆಯ ಬಾಯಿ ಮುಚ್ಚಿಸಿದ.

ದಿನಾ ಮೂರೂವರೆಗೆ ಅಪ್ಪ ಟಾಕಿಯ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದ, ಕೈಯಲ್ಲಿ ಕೋಲು. ಏಳನೇ ನಂಬರು ಮುಗಿಯುತ್ತಲೇ ಎದ್ದು ಬರುತ್ತಿದ್ದ. ಕೊನೆಯ ಮನೆಗೆ ಅಳತೆ ಯಾಕೆ, ಉಳಿದದ್ದೆಲ್ಲ ಅವರದೇ ತಾನೆ? ಅಷ್ಟು ಹೊತ್ತಿಗೆ ಬೇರೆ ಹೆಂಗಸರೂ ಅಡುಗೆಗೆ ಒಳಗೆ ಹೋಗಿರುತ್ತಿದ್ದರು. ಗಿರಿಜಕ್ಕ ಒಬ್ಬರೇ ಬಗ್ಗಿ ಸೇದುವುದು, ಬಕೆಟ್ಟು ತಳಕ್ಕೆ ತಾಗಿ ಖಣಖಣ ಅನ್ನುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಹದಿನೈದು ದಿನ ಹೋದ ಮೇಲೆ ಅವರು ಅವ್ವನ ಹತ್ತಿರ ಬಂದರು.

“ಅಕ್ಕ, ಹೇಗೆ ಹೇಳುವುದು ಅಂತ ಗೊತ್ತಾಗುವುದಿಲ್ಲ. ನಂಗೆ ಆರೇ ಬಕೆಟ್ ಸಿಗುವುದು. ಅತ್ತೆಯ ಬಟ್ಟೆ ಎರಡು ಹೊತ್ತು ಒಗೀಬೇಕು. ಎಂತ ಮಾಡುವುದು ಹೇಳಿ?”

ಅವ್ವ ಅವತ್ತು ನಮ್ಮ ಡ್ರಮ್ಮಿನಿಂದ ಎರಡು ಬಕೆಟ್ಟು ಕೊಟ್ಟಳು. ಮರುದಿನವೂ ಕೊಟ್ಟಳು. ಮೂರನೇ ದಿನ ಮುಖ ಗಂಟು ಹಾಕಿಕೊಂಡು ಅಪ್ಪನಿಗೆ ಹೇಳಿದಳು. ಅಪ್ಪ ನಕ್ಕ. ನಾಲ್ಕು ಇಂಚು ಅಂದರೆ ಇಪ್ಪತ್ತೈದು ಬಕೆಟ್ಟು, ಅದು ಆರು ಹೇಗಾಗುತ್ತದೆ, ಕೋಲು ಸುಳ್ಳು ಹೇಳುತ್ತದೇನು ಅಂದ. ಆ ಮಾತು ಹೇಗೆ ಹರಡಿತೋ ದೇವರಿಗೇ ಗೊತ್ತು. ವಾರದೊಳಗೆ ಗ್ಯಾಲರಿಯಲ್ಲೆಲ್ಲ ಅದೇ ಸುದ್ದಿ. ಆಕೆ ಕುಚ್ಚಲಕ್ಕಿ ಬೇಯಿಸುತ್ತಾಳೆ, ಅದು ಹಂಡೆಗಟ್ಟಲೆ ನೀರು ಕುಡಿಯುತ್ತದೆ ಅಂತ ಒಬ್ಬಳು. ಪೂರ್ತಿ ಪಾಲು ಒಳಗೆ ಸಾಗಿಸಿ ಮತ್ತೆ ಮನೆ ಮನೆಗೆ ಕೈಚಾಚುತ್ತಾಳೆ ಅಂತ ಇನ್ನೊಬ್ಬಳು. ಸಾಠೆ ಕಾಕು ‘ಖೋಟಾರಡೀ’ ಅಂದಳು, ಸುಳ್ಳಿ ಅಂತ. ಗಿರಿಜಕ್ಕನಿಗೆ ಆ ಭಾಷೆಯಲ್ಲಿ ತಿಳಿದ ಮೊದಲ ಶಬ್ದಗಳಲ್ಲಿ ಅದೂ ಒಂದಾಗಿರಬೇಕು. ಇಷ್ಟು ಮಾತಾಡಿದವರಲ್ಲಿ ಒಬ್ಬರಾದರೂ ಸಂಜೆ ಕಾಲು ಗಂಟೆ ಟಾಕಿಯ ಹತ್ತಿರ ನಿಂತು ಎಣಿಸಿದರೇ? ಇಲ್ಲ. ನಮ್ಮ ಮನೆಯವರೂ ನಿಲ್ಲಲಿಲ್ಲ. ನಿಜ ಹೇಳುತ್ತೇನೆ, ಇಪ್ಪತ್ತೈದು ಬಕೆಟ್ಟು ಹೊತ್ತ ಮೇಲೆ ಇನ್ನೊಬ್ಬರ ಬಕೆಟ್ಟು ಎಣಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಅವ್ವ ನೀರು ಕೊಡುವುದನ್ನು ನಿಲ್ಲಿಸಿದಳು. ಗ್ಯಾಲರಿಯಲ್ಲಿ ಗಿರಿಜಕ್ಕ ಎದುರಾದರೆ ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಸರ್ರನೆ ಒಳಗೆ ಹೋಗುತ್ತಿದ್ದಳು. ಕೊನೆಗೆ ಮುಂದಿನ ಭಾನುವಾರ ಎಲ್ಲರೂ ಸೇರಿ ಮಾಲಕನಿಗೆ ಹೇಳುವುದು, ಎಂಟನೇ ನಂಬರು ಖಾಲಿ ಮಾಡಿಸುವುದು ಅಂತ ಮಾತಾಯಿತು. ಲಕ್ವ ಹೊಡೆದ ಮುದುಕಿಯನ್ನು ಕಟ್ಟಿಕೊಂಡು ಆಕೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ.

ಆ ವಾರದ ಬುಧವಾರ ನಾನು ಸಂಡಾಸದಿಂದ ಬರುವಾಗ ಗಿರಿಜಕ್ಕ ಟಾಕಿಯ ಬಾಯಲ್ಲಿ ಮೊಣಕಾಲೂರಿ ಕೂತಿದ್ದರು. ಬಕೆಟ್ಟು ಮುಳುಗದಷ್ಟು ಕಡಿಮೆ ನೀರು ಅಂತ ಚೊಂಬಿಗೆ ಹಗ್ಗ ಕಟ್ಟಿ ಮೊಗೆಯುತ್ತಿದ್ದರಂತೆ, ಗಂಟು ಬಿಚ್ಚಿ ಚೊಂಬು ಒಳಗೆ ಬಿದ್ದಿತ್ತು.

“ಶಶೀ, ಸ್ವಲ್ಪ ಇಳೀತೀಯಾ ಮಗಾ? ನಂಗೆ ಸೀರೆ ಉಟ್ಟುಕೊಂಡು ಆಗುವುದಿಲ್ಲ.”

ಕಾಲು ತೊಳೆದು ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದೆ. ಇನ್ನೂ ಬೆಳಕಿತ್ತು. ಟಾಕಿಯ ಬಾಯಿ ಇದ್ದದ್ದು ಒಂದು ತುದಿಯಲ್ಲಿ, ಅಪ್ಪ ಕೋಲು ಇಳಿಸುತ್ತಿದ್ದದ್ದೂ ಅಲ್ಲೇ. ಅಲ್ಲಿ ನೀರು ನನ್ನ ಕಣಕಾಲು ಮುಟ್ಟುವಷ್ಟಿತ್ತು. ಚೊಂಬು ತೇಲುತ್ತ ಮುಂದೆ ಹೋಗಿತ್ತು. ಹಿಡಿಯಲು ನಾಲ್ಕು ಹೆಜ್ಜೆ ಹಾಕಿದೆ. ನೀರು ಹಿಮ್ಮಡಿಗೆ ಬಂತು, ಆಮೇಲೆ ಬೆರಳಿಗೆ ಬಂತು, ಆಮೇಲೆ ಮುಗಿದೇ ಹೋಯಿತು. ಟಾಕಿಯ ಇನ್ನೊಂದು ಅರ್ಧದಲ್ಲಿ ಬರೀ ನೆಲ. ಕೆಸರು ಒಂದು ಕಡೆ ಬಂದು ಸೇರಲಿ ಅಂತ ಕಟ್ಟಿದವರು ತಳಕ್ಕೆ ಇಳಿಜಾರು ಕೊಟ್ಟಿದ್ದರು. ಮೇಲಿನಿಂದ ನೋಡಿದವರಿಗೆಲ್ಲ ಕಾಣುತ್ತಿದ್ದದ್ದು ಕಪ್ಪು ನೀರು, ಅದರ ಕೆಳಗೆ ನೆಲ ಹೇಗಿದೆ ಅಂತ ಯಾರಿಗೆ ಗೊತ್ತು?

“ಎಂತಾಯ್ತು? ಸಿಕ್ಕಿತಾ?” ಅಂತ ಮೇಲಿನಿಂದ ಗಿರಿಜಕ್ಕ.

ಸಿಕ್ಕಿತು ಅಂದೆ. ಮರುದಿನ ಅಪ್ಪನ ಮಡಿಸುವ ಸ್ಕೇಲು ಕದ್ದು ಒಯ್ದು ಮತ್ತೆ ಇಳಿದೆ. ಎಂಟು ಫೂಟು ಉದ್ದ, ಐದು ಫೂಟು ಅಗಲ. ಆಚೆ ತುದಿಗಿಂತ ಈಚೆ ತುದಿ ಎಂಟು ಇಂಚು ತಗ್ಗು. ಶಾಲೆಯಲ್ಲಿ ನಮಗೆ ಆಗ ತಾನೇ ಘನಫಲದ ಲೆಕ್ಕ ಶುರುವಾಗಿತ್ತು, ನನಗೆ ಗಣಿತ ಒಂದು ಚೂರು ಬರುತ್ತಿತ್ತು ಅನ್ನುವ ಜಂಬವೂ ಇತ್ತು. ಟ್ರಂಕಿನ ಮೇಲೆ ವಹಿ ಇಟ್ಟುಕೊಂಡು ಟಾಕಿಯ ಚಿತ್ರ ಬರೆದೆ. ಮೇಲಿನ ಆರು ಪಾಲು ಸರಿಯಾಗಿ ಇಟ್ಟಿಗೆಯಂಥ ಚೌಕಗಳು, ಒಂದೊಂದೂ ಇಪ್ಪತ್ತೈದು ಬಕೆಟ್ಟು. ಕೊನೆಯ ಎಂಟು ಇಂಚು ಮಾತ್ರ ತ್ರಿಕೋನ. ಚೌಕವಾಗಿದ್ದರೆ ಎಷ್ಟಾಗುತ್ತಿತ್ತೋ ಅದರ ಅರ್ಧ. ಅಂದರೆ ಏಳನೇ ಮನೆಗೂ ಎಂಟನೇ ಮನೆಗೂ ಸೇರಿ ಒಂದೇ ಮನೆಯ ನೀರು. ಏಳೇ ಮನೆ ಇದ್ದಾಗ ಲೆಕ್ಕ ಸರಿ ಬರುತ್ತಿದ್ದದ್ದು ಅದಕ್ಕೇ. ಆ ತ್ರಿಕೋನದಲ್ಲೂ ಮೇಲಿನ ನಾಲ್ಕು ಇಂಚು ಅಗಲ, ಕೆಳಗಿನ ನಾಲ್ಕು ಇಂಚು ಚೂಪು. ನಾಲ್ಕು ಪಾಲು ಮಾಡಿದರೆ ಮೂರು ಸಾಠೆ ಕಾಕುವಿಗೆ (ಆಕೆ ಗೊಣಗಿದ್ದೂ ಸುಮ್ಮನೆ ಅಲ್ಲ, ಆರು ಬಕೆಟ್ಟು ಕಳೆದುಕೊಂಡಿದ್ದಳು), ಒಂದು ಗಿರಿಜಕ್ಕನಿಗೆ. ಇಪ್ಪತ್ತೈದರಲ್ಲಿ ನಾಲ್ಕನೇ ಒಂದು ಭಾಗ. ಆರೂಕಾಲು ಬಕೆಟ್ಟು. ಗಿರಿಜಕ್ಕ ಮೊದಲ ದಿನದಿಂದ ಹೇಳುತ್ತಿದ್ದದ್ದು ಆರು. ಒಂದು ಲೆಕ್ಕ ಬಿಡಿಸಿ ಅಷ್ಟು ಸಂತೋಷ, ಅದರ ಬೆನ್ನಿಗೇ ಅಷ್ಟು ಹೆದರಿಕೆ, ಎರಡೂ ನನಗೆ ಮತ್ತೆಂದೂ ಒಟ್ಟಿಗೆ ಬಂದಿಲ್ಲ.

ಶನಿವಾರ ಅಪ್ಪ ಊಟಕ್ಕೆ ಕೂತಿದ್ದ. ರೊಟ್ಟಿ, ಪುಂಡಿಪಲ್ಯ. ವಹಿಯನ್ನು ತಾಟಿನ ಪಕ್ಕ ಇಟ್ಟು ಹೇಳಿದೆ. ಮೊದಲು ನಕ್ಕ, ಆಮೇಲೆ ನೋಡಿದ, ಆಮೇಲೆ ಎಡಗೈಯಿಂದ ವಹಿ ಹತ್ತಿರ ಎಳೆದುಕೊಂಡ. ಬಲಗೈಯ ರೊಟ್ಟಿ ಹಾಗೇ ಉಳಿಯಿತು.

“ಫ್ಯಾಕ್ಟರ್ಯಾಗ ಪ್ರತಿಯೊಂದು ಟಾಕಿಗೂ ಒಂದು ಚಾರ್ಟ್ ಇರ್ತದ,” ಅಂದ, ನನಗಲ್ಲ, ತನಗೇ ಹೇಳಿಕೊಂಡಂತೆ. “ನಾ ಬರೇ ಇಂಚು ಬರೀತೀನಿ. ಅದನ್ನ ನೋಡಿ ಲೀಟರ್ ಬರಿಯಾಂವ ಬ್ಯಾರೆ. ಯಾಕ ಅಂತ ನಾ ಒಂದಿನಾನೂ ಕೇಳಲಿಲ್ಲ ನೋಡು.”

“ಅಯ್ಯ, ಹಂಗಾರ ಗಿರಿಜಾ ಖರೇನ ಹೇಳಿದ್ಲಲ್ರಿ!” ಅವ್ವ ಒಲೆ ಬಿಟ್ಟು ಎದ್ದು ನಿಂತಳು. “ಪಾಪ, ನಾನೂ ಆಕಿ ಮುಖಾ ನೋಡೂದು ಬಿಟ್ಟಿದ್ದೆ. ನಾಳೆ ಎಲ್ಲಾರ ಮುಂದ ಹೇಳಿಬಿಡ್ರಿ.”

“ಏನಂತ ಹೇಳ್ಲಿ? ಇಪ್ಪತ್ತು ವರ್ಷ ಡಿಪ್ ತಗೊಂಡಾಂವಗ ಒಂದು ಟಾಕಿ ಅಳಿಯಾಕ ಬರಲಿಲ್ಲ ಅಂತ ಹೇಳ್ಲೇನು?”

ಅವ್ವ ಮತ್ತೆ ಒಲೆಯ ಮುಂದೆ ಕೂತಳು. ಅಪ್ಪ ಕೈ ತೊಳೆದು ಬಂದು ನನ್ನನ್ನೇ ಕೂರಿಸಿಕೊಂಡ. ಎಂಟು ಮನೆಗೂ ಸಮ ಬರಬೇಕಾದರೆ ಗೆರೆ ಎಲ್ಲೆಲ್ಲಿ ಎಳೆಯಬೇಕು, ತೆಗೆ ಲೆಕ್ಕ ಅಂದ. ನನಗೇನು, ಖುಷಿಯಿಂದ ತೆಗೆದೆ. ಏಳು ಮನೆಯ ನೀರನ್ನು ಎಂಟು ಮಾಡಬೇಕು, ಒಂದೊಂದು ಮನೆ ಅರ್ಧ ಅರ್ಧ ಇಂಚು ಬಿಟ್ಟರೆ ಸಾಕು. ಮೊದಲ ಏಳು ಮನೆಗೆ ಮೂರೂವರೆ ಇಂಚು, ಎಂಟನೆಯದಕ್ಕೆ ತಳದ ಏಳೂವರೆ ಇಂಚು. ನೋಡಲು ಎರಡು ಪಟ್ಟಿಗಿಂತ ಹೆಚ್ಚು, ಬಕೆಟ್ಟಿನಲ್ಲಿ ಎಲ್ಲರಷ್ಟೇ. ಅಪ್ಪ ಹೊಸ ಪಟ್ಟಿಗೆ ಬಣ್ಣ ಬಳಿದ. ಗೆರೆಯ ಜಾಗಕ್ಕೆ ಪೆನ್ಸಿಲ್ಲಿನ ಗುರುತು ಹಾಕಿಕೊಟ್ಟದ್ದು ನಾನು.

“ಯಾರ ಮುಂದೂ ಅನಬ್ಯಾಡ,” ಅಂದ. “ನಾ ನೋಡ್ಕೋತೀನಿ.”

ಭಾನುವಾರ ಹತ್ತು ಗಂಟೆಗೆ ಅಂಗಳದಲ್ಲಿ ಎಲ್ಲರೂ ಸೇರಿದರು. ಗಿರಿಜಕ್ಕ ಒಬ್ಬರೇ ಜಿನೆಯ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಗಂಡನಿಗೆ ರಜೆ ಇರಲಿಲ್ಲ. ಮಾಲಕನಿಗೆ ಬರೆದ ಅರ್ಜಿ ಸಾಠೆ ಕಾಕುವಿನ ಕೈಯಲ್ಲಿತ್ತು. ಅಪ್ಪ ಎದ್ದು ನಿಂತು ಹೊಸ ಕೋಲು ತೋರಿಸಿದ. ಕೊನೆಯ ಪಾಲು ಅಷ್ಟು ದೊಡ್ಡದು ಯಾಕೆ ಅಂತ ಗುಜುಗುಜು ಶುರುವಾಯಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನಾನು ಕಾಯುತ್ತಿದ್ದೆ. ಅಪ್ಪ ಶುದ್ಧ ಮರಾಠಿಯಲ್ಲಿ, ಭಾಷಣ ಮಾಡುವವರ ದನಿಯಲ್ಲಿ ಶುರು ಮಾಡಿದ. ಆ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ನಮ್ಮ ಮನೆಯಲ್ಲೂ ನಾಳೆ ಇರಬಹುದು. ಯಾರು ಎಷ್ಟು ಬಕೆಟ್ಟು ಅಂದರು ಅನ್ನುವುದು ಬಿಡೋಣ, ತಪ್ಪು ಎಲ್ಲರ ಕೈಯಿಂದಲೂ ಆಗುತ್ತದೆ. ನಾವು ದೊಡ್ಡ ಮನಸ್ಸು ಮಾಡೋಣ, ಒಬ್ಬೊಬ್ಬರು ಅರ್ಧ ಇಂಚು ಬಿಟ್ಟುಕೊಡೋಣ, ಮೊದಲು ನನ್ನ ಮನೆಯಿಂದ. ಹೆಂಗಸರು ಕಣ್ಣು ಒರೆಸಿಕೊಂಡರು. ಸಾಠೆ ಕಾಕು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಟೀಲ ಸಾಹೇಬರದು ದೇವರ ಮನಸ್ಸು ಅಂದಳು. ಮೆಟ್ಟಿಲ ಮೇಲಿನ ಗಿರಿಜಕ್ಕನಿಗೆ ಒಂದಕ್ಷರ ತಿಳಿದಿರಲಿಲ್ಲ. ಅಪ್ಪ ಅವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ನಿನಗ ಎಲ್ಲಾರಕಿಂತ ಜಾಸ್ತಿ ಕೊಟ್ಟೀವಿ, ತಂಗಿ. ಮನಿ ಬಿಡೂ ಮಾತು ಮುಗೀತು. ಇನ್ನ ಯಾರೂ ಏನೂ ಅನ್ನೂದಿಲ್ಲ.”

ಗಿರಿಜಕ್ಕ ಮೆಟ್ಟಿಲು ಇಳಿದು ಬಂದು ಎರಡೂ ಕೈ ಜೋಡಿಸಿದರು. ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋಗಿಬಿಟ್ಟಳು. ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು ಅಲ್ಲೇ, ಎಲ್ಲರ ನಡುವೆ ನಿಂತಿದ್ದೆ. ನನಗೆ ಚೆನ್ನಾಗಿ ಮರಾಠಿ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು, ಲೆಕ್ಕವಂತೂ ಬಾಯಿಪಾಠವಾಗಿತ್ತು. ಬಾಯಿ ತೆರೆದಿದ್ದರೆ ಎರಡು ನಿಮಿಷದ ಕೆಲಸ. ಆಗ ಯಾಕೆ ತೆರೆಯಲಿಲ್ಲ ಅಂತ ಈಗ ಕೇಳಿದರೆ ಅಪ್ಪನ ಮೇಲಿನ ಪ್ರೀತಿ ಅಂತ ಹೇಳಬಹುದು, ಹೆದರಿಕೆ ಅಂತಲೂ ಹೇಳಬಹುದು. ಎರಡನ್ನೂ ಹೇಳಿ ಹೇಳಿ ನನಗೆ ಬೇಸರ ಬಂದಿದೆ. ಅವತ್ತು ಸಂಜೆ ಎಲ್ಲರಿಗೂ ಇಪ್ಪತ್ತೊಂದೋ ಇಪ್ಪತ್ತೆರಡೋ ಬಕೆಟ್ಟು ಬಂತು. ಗಿರಿಜಕ್ಕನಿಗೂ ಅಷ್ಟೇ ಬಂತು. ಮೂರು ಬಕೆಟ್ಟು ಕಡಿಮೆಯಾದ ಹೆಂಗಸರೆಲ್ಲ, ಮೂರು ಹೆಚ್ಚೇ ಸಿಕ್ಕ ಸಾಠೆ ಕಾಕುವೂ, ದಾನ ಮಾಡಿದ ಮುಖ ಹೊತ್ತುಕೊಂಡು ಒಳಗೆ ಹೋದರು.

ಮರುದಿನ ಗಿರಿಜಕ್ಕ ಒಂದು ಸ್ಟೀಲ್ ಡಬ್ಬಿ ತುಂಬ ಗೋಳಿಬಜೆ ಮಾಡಿ ತಂದುಕೊಟ್ಟರು, ಪಾಟೀಲರಿಗೆ ಅಂತ. ಅಪ್ಪ ಹಸಿವಿಲ್ಲ ಅಂದ. ನಾನು, ಅವ್ವ ತಿಂದೆವು. ಖಾಲಿ ಡಬ್ಬಿ ವಾಪಸು ಕೊಡಬಾರದು ಅಂತ ಅವ್ವ ಅದಕ್ಕೆ ಶೇಂಗಾ ಚಟ್ನಿಪುಡಿ ತುಂಬಿ ನನ್ನ ಕೈಗೆ ಕೊಟ್ಟಳು. ಹೇಳಿಬಿಡಬೇಕು ಅಂತಲೇ ನಾನು ಜಿನೆ ಹತ್ತಿದೆ. ಮೇಲಿನ ಗ್ಯಾಲರಿಯಲ್ಲಿ ಒಗೆದ ಹಾಸಿಗೆ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಒಳಗೆ ಮುದುಕಿಗೆ ಆಗಷ್ಟೇ ಮೈ ಒರೆಸಿ, ತಲೆ ಬಾಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಗಿರಿಜಕ್ಕ ಡಬ್ಬಿ ತೆಗೆದುಕೊಂಡು, ಬಾಗಿಲ ಹೊರಗೊಮ್ಮೆ ಇಣುಕಿ, ನನ್ನ ಕೈ ಹಿಡಿದರು.

“ಒಂದು ಮಾತು ಹೇಳ್ತೇನೆ ಮಗಾ, ಯಾರ ಹತ್ರವೂ ಹೇಳಬೇಡ. ಎಲ್ಲರೂ ಇಪ್ಪತ್ತೈದು ಇಪ್ಪತ್ತೈದು ಅನ್ನುವಾಗ ನಂಗೆ ನನ್ನ ಮೇಲೆಯೇ ಸಂಶಯ ಬಂದಿತ್ತು. ನಂಗೆ ಎಣಿಸಲಿಕ್ಕೆ ಮರೆತುಹೋಯಿತಾ, ತಲೆ ಸರಿ ಇಲ್ಲವಾ ಅಂತ. ಕೊನೆಕೊನೆಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಆದರೂ ಆರೇ ಬರುವುದು. ಈಗ ಅನ್ನಿಸ್ತದೆ, ನಾನೇ ಎಲ್ಲೋ ತಪ್ಪಿರಬೇಕು. ಅಷ್ಟು ಜನ ಸುಳ್ಳು ಹೇಳ್ತಾರಾ? ಹಾಗಿದ್ದರೂ ನಿನ್ನ ಅಪ್ಪ ನನ್ನ ತಪ್ಪು ಎತ್ತಿ ಆಡಲಿಲ್ಲ ನೋಡು. ಅಂಥವರು ಸಿಗುವುದಿಲ್ಲ ಮಗಾ.”

ಗೋಡೆ ನೋಡಿದೆ. ಐದು ಗೀಟು, ಅದರ ಪಕ್ಕ ಒಂದು. ಕೆಳಗೆ ಮತ್ತೆ ಐದು, ಒಂದು. ಹಾಗೇ ಕೆಳಗಿನವರೆಗೆ.

“ಹೌದ್ರಿ ಗಿರಿಜಕ್ಕ,” ಅಂದೆ. “ನಮ್ಮಪ್ಪ ಮೊದಲಿಂದಾನೂ ಹಂಗ.”